ಒಂದು ಮೇಜು, ಮೂರು ಸಿಪಿಯು

1
ಗೆಳೆಯನಿಗೆ ಹಳೆಯ ಕಂಪ್ಯೂಟರ್ ಬೇಕಂತೆ. ಹೊಸದು ಇದೆ. ಮಗಳು ಕಳುಹಿಸಿದ ಲ್ಯಾಪ್‌ಟಾಪ್. ಮುಚ್ಚಿಟ್ಟಿದ್ದಾನೆ, ಅದರ ಮೇಲೆ ಎಲೆ ಅಡಿಕೆ ತಟ್ಟೆ.

2
ತಿಪಟೂರಿನ ಪಕ್ಕದ ಹಳ್ಳಿ. ಮೇಷ್ಟರ ಕೆಲಸದಿಂದ ನಿವೃತ್ತಿ ಆಗಿದೆ. ಮನೆಗೆ ದೊಡ್ಡ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಕೆಳಗೆ ನಡುಮನೆಯ ಮೂಲೆಯಲ್ಲಿ ಮೂರಡಿ ಉದ್ದದ ಮೇಜು. ಮನೆಯಾಕೆಯ ಷರತ್ತು ಒಂದೇ: ಮೇಜಿನ ಮೇಲೆ ಒಂದು ಇರಲಿ, ಮಿಕ್ಕವು ಗುಜರಿಗೆ.

3
ಬಂದಿರುವವು ಮೂರು.

486. ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿತ್ತು. ಒಳಗೆ ಡಾಸ್.

ಪೆಂಟಿಯಂ 3. ತುರುವೇಕೆರೆಯ ಡಿಟಿಪಿ ಅಂಗಡಿಯದು. ವಿಂಡೋಸ್ 98.

ಪೆಂಟಿಯಂ 4. ಚಿಕ್ಕನಾಯಕನಹಳ್ಳಿಯಲ್ಲಿ ಬಾಗಿಲು ಹಾಕಿದ ಸೈಬರ್ ಕೆಫೆಯದು. ಎಕ್ಸ್‌ಪಿ.

ನಾಲ್ಕನೆಯದೂ ಒಂದಿದೆ. ಅದು ಗೆಳೆಯನ ಮಾತಿನಲ್ಲಿ ಮಾತ್ರ.

4
ಸಿಪಿಯು ಎಂದರೆ ಇಲ್ಲಿ ಇಡೀ ಪೆಟ್ಟಿಗೆ. ಒಳಗಿನ ಚಿಪ್ಪಿಗೆ ಹೆಸರಿಲ್ಲ. ಚಿಪ್ಪು ಎಂದರೆ ಇಲ್ಲಿ ಕರಟ.

5
486ರ ಮುಖದ ಮೇಲೆ ಟರ್ಬೊ ಎಂಬ ಗುಂಡಿ. ವೇಗ ಹೆಚ್ಚಿಸಲು ಎಂದುಕೊಂಡಿದ್ದೆ. ಅದು ಇರುವುದು ವೇಗ ಇಳಿಸಲು. ಹಳೆಯ ಆಟಗಳು 1981ರ ಐಬಿಎಂ ಪಿಸಿಯ 4.77 ಮೆಗಾಹರ್ಟ್ಸ್ ನಂಬಿ ಬರೆದವು; 486ರಲ್ಲಿ ಅವು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ಹಾಗಾಗಿ ವೇಗದ ಯಂತ್ರ ಕೊಂಡವರಿಗೆ ನಿಧಾನದ ಗುಂಡಿಯನ್ನೂ ಕೊಟ್ಟರು.

ಗುಂಡಿಯ ಪಕ್ಕ ಹಸಿರು ಅಂಕಿ: 66. ಒತ್ತಿದರೆ 33. ಈ ಅಂಕಿ ಏನನ್ನೂ ಅಳೆಯುವುದಿಲ್ಲ. ಹಿಂದೆ ಸಣ್ಣ ಪಿನ್ನುಗಳಿವೆ, ಅವನ್ನು ಹೇಗೆ ಚುಚ್ಚಿದರೆ ಹಾಗೆ ತೋರಿಸುತ್ತದೆ. ಗೆಳೆಯ 99 ಮಾಡಿ ತೋರಿಸಿದ. ಆಮೇಲೆ ಮತ್ತೆ 66 ಮಾಡಿದ.

6
ಆ ಬೋರ್ಡಿನ ಬ್ಯಾಟರಿ ಸೋರಿದೆ. ಉರುಳೆಯಾಕಾರದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ, ಬೋರ್ಡಿಗೇ ಬೆಸುಗೆ. ಸುತ್ತ ಹಸಿರು ಕಿಲುಬು. ಕೂದಲೆಳೆಯ ತಾಮ್ರದ ದಾರಿಗಳಲ್ಲಿ ಎರಡನ್ನು ತಿಂದುಹಾಕಿದೆ. ಗೆಳೆಯ ನಿಂಬೆರಸದಲ್ಲಿ ಒರೆಸಿದ. ಹಳೆಯ ಹಲ್ಲುಜ್ಜುವ ಬ್ರಷ್.

7
ಬ್ಯಾಟರಿ ಇಲ್ಲದ 486ಕ್ಕೆ ಪ್ರತಿ ಸಲವೂ 1980ರ ಜನವರಿ 1. ಡಾಸ್ ಕಾಲ ಎಣಿಸುವುದು ಅಲ್ಲಿಂದ. ಮೊದಲ ಐಬಿಎಂ ಪಿಸಿ ಬಂದದ್ದು 1981ರ ಆಗಸ್ಟ್. ಅಂದರೆ ಈ ಜಾತಿಯ ಯಂತ್ರಗಳು ತಮ್ಮ ವಂಶವೇ ಹುಟ್ಟುವ ಮೊದಲಿನ ದಿನಕ್ಕೆ ಹೋಗಿ ನಿಲ್ಲುತ್ತವೆ.

ಅಂದು ಮಂಗಳವಾರ. ಪರದೆ ಹಾಗೆ ಹೇಳಿತು. ಲೆಕ್ಕ ಹಾಕಿ ನೋಡಿದೆ. ಹೌದು.

8
ಅಟ್ಟದ ಕ್ರಮ ಹೀಗೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುವುದು. ಎಂಟು, ಹತ್ತು, ಕೆಲವೊಮ್ಮೆ ಹನ್ನೆರಡು ತಿಂಗಳು. ಒಳಗಿನ ನೀರು ತಾನೇ ಇಂಗಬೇಕು. ತಿರುಳು ಕರಟವನ್ನು ಬಿಡಬೇಕು. ಆಮೇಲೆ ಸುಲಿದು, ಕರಟ ಒಡೆದರೆ ಒಳಗಿಂದ ಇಡಿಯ ಗಿಟುಕು ಬರುತ್ತದೆ. ಉಂಡೆ ಕೊಬ್ಬರಿ ಎಂದು ಉತ್ತರದ ಊರುಗಳಿಗೆ ಹೋಗುವುದು ಇದು. ಹೋಳಾದರೆ ಬೆಲೆ ಕಡಿಮೆ. ಕೌಟಾದರೆ ಇನ್ನೂ ಕಡಿಮೆ.

ಈ ಹತ್ತು ತಿಂಗಳಲ್ಲಿ ಯಾರೂ ಏನೂ ಮಾಡುವುದಿಲ್ಲ. ಇಲಿ ಬರದಂತೆ ನೋಡಿಕೊಳ್ಳುತ್ತಾರೆ, ಅಷ್ಟೆ.

9
ಆಯಿತೋ ಇಲ್ಲವೋ ಎಂದು ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿದ್ದರೆ ಕುಲುಕು. ಇಂಗಿದ್ದರೆ ಗೊಟಗೊಟ. ಮನೆಯಾಕೆ ಮಾತಾಡುತ್ತಲೇ ಇಪ್ಪತ್ತು ಕಾಯಿ ವಿಂಗಡಿಸಿದರು. ಒಂದನ್ನು ಎರಡು ಸಲ ಅಲ್ಲಾಡಿಸಿ ಮತ್ತೆ ಅಟ್ಟಕ್ಕೆ ಕೊಟ್ಟರು.

10
ಗೆಳೆಯ ಹಾರ್ಡ್ ಡಿಸ್ಕನ್ನು ಕಿವಿಗೆ ಹಿಡಿದ. ಕರೆಂಟು ಕೊಟ್ಟ. ಮೊದಲು ಏರುವ ಗುಂಯ್, ಆಮೇಲೆ ಒಳಗೇನೋ ಕೆರೆದಂತೆ. "ಇದು ಒಳ್ಳೇದು." ಇನ್ನೊಂದು ಟಕ್, ಟಕ್, ಟಕ್ ಎಂದಿತು. "ಇದು ಹೋಯ್ತು." ಬರೆದ ಜಾಗ ಸಿಗದೆ ಓದುವ ಕೈ ಮರಳಿ ಮನೆಗೆ ಬಂದು ಬಡಿದುಕೊಳ್ಳುವ ಸದ್ದಂತೆ.

11
ಸೋಮವಾರ ಕೇಳಿದೆ, ಯಾವುದನ್ನು ಇಟ್ಟುಕೊಳ್ಳುತ್ತೀಯ? ಪೆಂಟಿಯಂ 4, ವೇಗ ಇದೆ ಎಂದ. ಗುರುವಾರ ಕೇಳಿದೆ. 486, ಸದ್ದು ಚೆನ್ನಾಗಿದೆ ಎಂದ.

12
ಪೆಂಟಿಯಂ 4ರ ಬೋರ್ಡಿನಲ್ಲಿ ಕೆಪಾಸಿಟರುಗಳು ಉಬ್ಬಿವೆ. ಸಣ್ಣ ಡಬ್ಬಿಗಳು, ತಲೆಯ ಮೇಲೆ ಕೂಡುಗೆರೆ. ಗೆರೆ ಇರುವುದೇ ಒತ್ತಡ ಬಂದರೆ ಅಲ್ಲಿ ಬಿರಿಯಲಿ ಎಂದು. ಏಳರ ತಲೆ ಚಪ್ಪಟೆ ಇಲ್ಲ. ಎರಡರಿಂದ ಕಂದು ರಸ ಇಳಿದು ಒಣಗಿದೆ.

ಇದು ಒಂದು ಯಂತ್ರದ ಕಾಯಿಲೆ ಅಲ್ಲ. ಸುಮಾರು 1999ರಿಂದ 2007ರವರೆಗೆ ತಯಾರಾದ ಬೋರ್ಡುಗಳಲ್ಲಿ, ಬೇರೆ ಬೇರೆ ಕಂಪನಿಗಳವು, ಲೋಕದ ತುಂಬ ಹೀಗೆ ಉಬ್ಬಿದವು. ಒಳಗಿನ ದ್ರವದ ಹದ ತಪ್ಪಿತ್ತು. ಆ ದ್ರವದಲ್ಲಿ ನೀರು ಇರುತ್ತದೆ; ನೀರು ಅಲ್ಯೂಮಿನಿಯಮ್ಮನ್ನು ತಿನ್ನದಂತೆ ತಡೆಯುವ ಪದಾರ್ಥ ಸಾಲದೆ ಅನಿಲ ಹುಟ್ಟಿತು.

486 ಅದಕ್ಕಿಂತ ಹಳೆಯದು. ಅದಕ್ಕೆ ಈ ಕಾಯಿಲೆ ಇಲ್ಲ.

13
ತೋಟದಲ್ಲಿ ಒಂದು ಮರದ ಕಾಂಡದಿಂದ ಕಂದು ರಸ ಇಳಿದಿದೆ. ಕಾಂಡ ಸೋರುವ ರೋಗ. ಕೆಟ್ಟ ಭಾಗ ಕೆತ್ತಿ ಬೋರ್ಡೋ ಮುಲಾಮು ಹಚ್ಚಿದ್ದಾರೆ. ನೀಲಿ ಪಟ್ಟಿ.

14
ಕೆಪಾಸಿಟರ್ ಎಂದರೇನು ಎಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ತ್ರೀ ಫೇಸ್ ಹೋಗಿ ಒಂದು ಫೇಸ್ ಕಡಿಮೆಯಾದಾಗ ಪಂಪ್‌ಸೆಟ್ಟನ್ನು ಓಡಿಸುವುದು ಅದೇ. ಉಬ್ಬಿದ ಕೆಪಾಸಿಟರ್ ಕಂಡ ಕೂಲಿಯಾಳು ದೂರದಿಂದಲೇ ಹೇಳಿದ: "ಅದು ಹೋಗೈತೆ ಬುಡಿ."

15
ಪೆಂಟಿಯಂ 4ರ ಹಿಂಬದಿಯಲ್ಲಿ ಕೆಂಪು ಸ್ವಿಚ್. 115, 230. ಭಾರತದಲ್ಲಿ 230ರಲ್ಲೇ ಇರಬೇಕು. ಸೈಬರ್ ಕೆಫೆಯ ಕಾಲದಲ್ಲಿ ಯಾವನೋ ಹುಡುಗ ಉಗುರಲ್ಲಿ ಸರಿಸಿ ನೋಡಿದನಂತೆ. ಢಂ. ಆಗ ಹಾಕಿದ ಹೊಸ ಪವರ್ ಸಪ್ಲೈ ಇದು. ಈ ಸಲ ಸ್ವಿಚ್ಚಿನ ಮೇಲೆ ಫೆವಿಕ್ವಿಕ್.

16
ಪವರ್ ಸಪ್ಲೈ ಬಿಚ್ಚಿದಾಗ ಸಿಕ್ಕಿದ್ದು: ಹಲ್ಲಿ ಮೊಟ್ಟೆಯ ಓಡು ಎರಡು, ಕಣಜದ ಮಣ್ಣುಗೂಡು ಒಂದು, ತೆಂಗಿನ ನಾರು ಒಂದು ಹಿಡಿ. ನಾರು ಎಲ್ಲ ಪೆಟ್ಟಿಗೆಯಲ್ಲೂ ಸಿಕ್ಕಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಪೆಟ್ಟಿಗೆಗಳಲ್ಲಿ ನಾರು ಇರುವುದಿಲ್ಲ ಎಂದು ಗೆಳೆಯ. ಅಲ್ಲಿ ಮಸಿ.

17
ಮಂಡಿಯ ಮಾನಿಟರು 14 ಇಂಚು. ಆರಿಸಿದಾಗಲೂ ಗಾಜಿನಲ್ಲಿ ಏನೋ ಕಾಣುತ್ತದೆ. ಓರೆಯಾಗಿ ನೋಡಿದೆ. ಟ್ಯಾಲಿಯ ಮೊದಲ ಪುಟದ ಚೌಕಟ್ಟು. ವರ್ಷಗಟ್ಟಲೆ ಅದೇ ಜಾಗದಲ್ಲಿ ಅದೇ ಪಟ್ಟಿ ಉರಿದು ಗಾಜಿನ ಒಳಗಿನ ಹೊಳೆಯುವ ಲೇಪ ಸುಟ್ಟಿದೆ.

ಟ್ಯಾಲಿ ಬೆಂಗಳೂರಿನದು. 1986ರಲ್ಲಿ ಗೋಯೆಂಕಾ ಅಪ್ಪ ಮಗ ಶುರು ಮಾಡಿದ ಕಂಪನಿ. ಅಪ್ಪನ ವ್ಯಾಪಾರಕ್ಕೆ ಸರಿಯಾದ ಲೆಕ್ಕದ ತಂತ್ರಾಂಶ ಸಿಗದೆ ಮಗ ಬರೆದದ್ದು.

ಲೆಕ್ಕ ಅಳಿಸಿಹೋಗಿದೆ. ಚೌಕಟ್ಟು ಉಳಿದಿದೆ.

18
ನಾಲ್ಕನೆಯದರ ವಿಷಯ. ಬಿಬಿಸಿ ಮೈಕ್ರೊ. 1981ರ ಬ್ರಿಟಿಷ್ ಯಂತ್ರ, ಏಕಾರ್ನ್ ಕಂಪನಿಯದು. 2 ಮೆಗಾಹರ್ಟ್ಸ್, 32 ಕಿಲೋಬೈಟ್. ಕೀಲಿಮಣೆಯೇ ಕಂಪ್ಯೂಟರ್. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆಯಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಇದನ್ನು ಹಂಚಿತು. ಗೆಳೆಯ ಆಗ ಬಿ.ಎಡ್. ಓದುತ್ತಿದ್ದ. ಒಂದು ಶಾಲೆಯಲ್ಲಿ ಗಾಜಿನ ಬಾಗಿಲ ಆಚೆಯಿಂದ ನೋಡಿದ್ದನಂತೆ. ಒಳಗೆ ಹೋಗಲು ಚಪ್ಪಲಿ ಬಿಡಬೇಕಿತ್ತು. ಅವನ ಸರದಿ ಬರುವ ಮೊದಲು ಗಂಟೆ ಹೊಡೆಯಿತು.

ಯಾವ ಶಾಲೆ ಎಂದು ಹೇಳುವುದಿಲ್ಲ.

19
ಏಕಾರ್ನಿನ ಅದೇ ಜನ, ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್, ಮುಂದೆ ಆರ್ಮ್ ಎಂಬ ಚಿಪ್ಪನ್ನು ರೂಪಿಸಿದರು. 1985. ಈಗ ಮೊಬೈಲುಗಳಲ್ಲಿ ಇರುವುದು ಆ ವಂಶ. ಗೆಳೆಯನ ಜೇಬಿನಲ್ಲೂ ಇದೆ. ಅದನ್ನು ಹೇಳಿದೆ. ಫೋನು ತೆಗೆದು ಎರಡೂ ಕಡೆ ನೋಡಿ ಮತ್ತೆ ಜೇಬಿಗೆ ಹಾಕಿದ.

20
ಪೆಂಟಿಯಂ 3 ಬಂದದ್ದು 1999. ತೋಟದವರು ಆ ವರ್ಷಗಳನ್ನು ನುಸಿ ಬಂದ ಕಾಲ ಎನ್ನುತ್ತಾರೆ. ಕಾಯಿ ಸಣ್ಣದಾಗಿ, ಸಿಪ್ಪೆ ಸುಕ್ಕುಗಟ್ಟಿ, ಅಂಟಿನಂತೆ ರಸ.

ಆ ಚಿಪ್ಪು ಮೊದಲು ಬಂದದ್ದು ಆಡಿಯೊ ಕ್ಯಾಸೆಟ್ಟಿನ ಆಕಾರದಲ್ಲಿ, ಬೋರ್ಡಿನ ಮೇಲೆ ನೆಟ್ಟಗೆ ನಿಲ್ಲುವಂತೆ. ತುರುವೇಕೆರೆಯದು ಅಂಥದೇ. ವರ್ಷದೊಳಗೆ ಮತ್ತೆ ಚಪ್ಪಟೆ ಚಿಪ್ಪು ಬಂತು. ಯಾಕೆ ನಿಂತಿತು, ಯಾಕೆ ಮಲಗಿತು ಎಂಬುದಕ್ಕೆ ಗೆಳೆಯನ ಬಳಿ ಉದ್ದದ ವಿವರಣೆ ಇದೆ. ಬರೆದುಕೊಳ್ಳಲಿಲ್ಲ.

21
ತುರುವೇಕೆರೆಗೆ ಹೋದೆವು, ಆ ಯಂತ್ರದ ಸಿಡಿ ಕೇಳಲು. ಅಂಗಡಿಯಲ್ಲಿ ಇನ್ನೊಂದು ಹಳೆಯ ಯಂತ್ರ ಓಡುತ್ತಿತ್ತು. ಎಕ್ಸ್‌ಪಿ, ಪೇಜ್‌ಮೇಕರ್ 7. ಪೇಜ್‌ಮೇಕರಿನ ಕೊನೆಯ ಆವೃತ್ತಿ ಅದು, 2001ರದು. ಅದಕ್ಕೆ ಯೂನಿಕೋಡ್ ತಿಳಿಯದು. ಅಂಗಡಿಯವನ ಹಳೆಯ ಕಡತ ಎಲ್ಲ ಅದರಲ್ಲಿ. ಹೊಸ ಯಂತ್ರ ಕೊಂಡರೆ ಅದಕ್ಕೂ ಎಕ್ಸ್‌ಪಿಯನ್ನೇ ಹಾಕುತ್ತಾನಂತೆ, ಹಾಕಲು ಬಂದರೆ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8.

"ಹಳೇದನ್ನ ಯಾಕೆ ಇಟ್ಕೊತೀರಿ?" ಎಂದು ಅವನು ಗೆಳೆಯನನ್ನು ಕೇಳಿದ. ಹವ್ಯಾಸ ಎಂದ ಗೆಳೆಯ. ಅಂಗಡಿಯವನಿಗೆ ಅರ್ಥವಾಗಲಿಲ್ಲ. ಕೇಳಿಕೊಂಡು ಮತ್ತೆ ಅದೇ ಯಂತ್ರದತ್ತ ತಿರುಗಿದ.

22
ನುಡಿ ಎಂಬ ಕನ್ನಡ ತಂತ್ರಾಂಶದ ಅಕ್ಷರ ಇಲ್ಲದ ಯಂತ್ರದಲ್ಲಿ ಹಳೆಯ ನುಡಿ ಕಡತ ತೆರೆದರೆ ಕನ್ನಡ ಎಂಬ ಪದ ಕಾಣುವ ಬಗೆ: ಇಂಗ್ಲಿಷಿನ ಪಿ. ತಲೆಯ ಮೇಲೆ ಓರೆಗೆರೆ ಇರುವ ಎ. ಪೌಂಡ್ ಗುರುತು. ಮತ್ತೆ ಅದೇ ಎ. ಜರ್ಮನರ ಜೋಡಿ ಎಸ್. ಕ್ಯೂ. ಮತ್ತೆ ಎ.

ಬ್ರಿಟಿಷರ ದುಡ್ಡು, ಜರ್ಮನರ ಅಕ್ಷರ. ಅಂಗಡಿಯವನು ಇದನ್ನು ಹಾಗೇ ಓದುತ್ತಾನೆ. ಪರೀಕ್ಷಿಸಿದೆ. ಎರಡು ಸಾಲು ಓದಿದ.

23
ವಿಂಡೋಸ್ 98ಕ್ಕೆ ಕನ್ನಡ ಗೊತ್ತಿಲ್ಲ. ನುಡಿಯೋ ಬರಹವೋ ಬಂದು ಲ್ಯಾಟಿನ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಬೇಕು. ಎಕ್ಸ್‌ಪಿಗೆ ಕನ್ನಡ ಗೊತ್ತು. ಅದರೊಂದಿಗೆ ಬಂದ ಅಕ್ಷರದ ಹೆಸರು ತುಂಗಾ. ಕನ್ನಡ ಗೊತ್ತಿಲ್ಲದ ಯಂತ್ರದಲ್ಲಿ ಕನ್ನಡ ಕಡತ ತುಂಬಿವೆ. ಗೊತ್ತಿರುವ ಸೈಬರ್ ಕೆಫೆಯ ಯಂತ್ರದಲ್ಲಿ ಒಂದೂ ಇಲ್ಲ. ಸಿನಿಮಾ ಹಾಡು, ಹಾಲ್ ಟಿಕೆಟ್ಟು, ಯಾರದೋ ಪಾಸ್‌ಪೋರ್ಟ್ ಅಳತೆಯ ಫೋಟೊ.

24
ಕೀಲಿಮಣೆಗೆ ಸ್ಪರ್ಧೆ ಇಲ್ಲ. ಟಿವಿಎಸ್ ಗೋಲ್ಡ್. ಯಾವ ಪೆಟ್ಟಿಗೆ ಉಳಿದರೂ ಕೀಲಿಮಣೆ ಇದೇ. ಪ್ರತಿ ಕೀಲಿಯ ಕೆಳಗೆ ಚೆರ್ರಿ ಕಂಪನಿಯ ನೀಲಿ ಸ್ವಿಚ್, ಒತ್ತಿದರೆ ಟಿಕ್. ಪಕ್ಕದ ಮನೆಗೂ ಕೇಳುತ್ತದೆ.

ನುಡಿಯ ಕೀಲಿವಿನ್ಯಾಸ ಕೆ.ಪಿ. ರಾವ್ ಅವರದು. ಎಫ್ ಕೀಲಿ ಒತ್ತಕ್ಷರಕ್ಕೆ. ಟ ಇರುವುದು ಕ್ಯೂ ಮೇಲೆ.

ಕಣ್ಣು ಮುಚ್ಚಿ, ಶಿಫ್ಟ್ ಬಿಟ್ಟು ಎಣಿಸಿದೆ. ತಿಪಟೂರು, ಏಳು ಟಿಕ್. ತುರುವೇಕೆರೆ, ಹತ್ತು. ಚಿಕ್ಕನಾಯಕನಹಳ್ಳಿ, ಹದಿನೈದು. ಬಸ್ಸಿನ ಬೋರ್ಡು ಬರೆಯುವವರು ಚಿ.ನಾ.ಹಳ್ಳಿ ಎನ್ನುತ್ತಾರೆ.

25
ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ ಕನ್ನಡ ವಿದ್ವಾಂಸ ತೀ.ನಂ. ಶ್ರೀಕಂಠಯ್ಯನವರ ಊರು. ರಾಷ್ಟ್ರಪತಿ ಎಂಬ ಪದ ಅವರ ಸಲಹೆ ಎನ್ನುತ್ತಾರೆ. ಆ ಪದ ನಿಂತಿತು. ಗಣಕ ಎಂಬ ಪದ ಸರ್ಕಾರಿ ಬೋರ್ಡು ಬಿಟ್ಟು ಇಳಿಯಲಿಲ್ಲ. ಇಲ್ಲಿ ಎಲ್ಲರೂ ಕಂಪೂಟ್ರು.

26
ಗುಜರಿಯವನು ಮೊಪೆಡ್ಡಿನಲ್ಲಿ ಬಂದ. ತೂಗುತಕ್ಕಡಿ. ಮೊದಲು ಕೇಳಿದ್ದು ತಾಮ್ರ. ಆಮೇಲೆ ಬೋರ್ಡು. ಮಾನಿಟರು ಬೇಡ ಎಂದ. ಅದರ ಗಾಜಿನಲ್ಲಿ ಸೀಸ ಇದೆ, ಯಾರೂ ಕೊಳ್ಳುವುದಿಲ್ಲ.

486ರ ಚಿಪ್ಪು ಪಿಂಗಾಣಿಯದು, ಒಳಗೆ ತಂತಿಗೂ ಪಿನ್ನಿಗೂ ಚಿನ್ನ. ಹಳೆಯದಾದಷ್ಟೂ ಚಿನ್ನ ಹೆಚ್ಚು ಎಂದು ಅವನಿಗೂ ಗೊತ್ತು. ಮೂರರಲ್ಲಿ ಕಣ್ಣಿಟ್ಟಿದ್ದು ಅದರ ಮೇಲೆಯೇ. ಅವನ ಆಯ್ಕೆಯಲ್ಲಿ ಗೊಂದಲ ಇರಲಿಲ್ಲ.

27
ಬೆಂಗಳೂರಿನಿಂದ ತುಮಕೂರಿಗೆ ಬರುವ ದಾರಿಯಲ್ಲಿ ದಾಬಸ್‌ಪೇಟೆ. ಅಲ್ಲಿನ ಇ-ಪರಿಸರ ಕಾರ್ಖಾನೆ 2005ರಿಂದ ಎಲೆಕ್ಟ್ರಾನಿಕ್ ತ್ಯಾಜ್ಯ ಬಿಡಿಸುತ್ತಿದೆ. ದೇಶದಲ್ಲಿ ಪರವಾನಗಿ ಪಡೆದ ಮೊದಲನೆಯದು. ಬೆಂಗಳೂರಿನ ಹೊಸ ಕಂಪ್ಯೂಟರ್ ಈ ಕಡೆಗೆ ಬರುವಾಗ ಅದರ ಹತ್ತಿರವೇ ಹಾದು ಬರುತ್ತದೆ.

28
ವಾರದಲ್ಲಿ ಎರಡು ದಿನ ತಿಪಟೂರಿನಲ್ಲಿ ಕೊಬ್ಬರಿ ಟೆಂಡರ್. ಆ ದಿನ ಗೆಳೆಯ ಕಂಪ್ಯೂಟರ್ ಮುಟ್ಟುವುದಿಲ್ಲ. ಎಪಿಎಂಸಿಗೆ ಹೋಗುತ್ತಾನೆ. ಮಾರಲಿಕ್ಕಲ್ಲ, ಧಾರಣೆ ಕೇಳಲಿಕ್ಕೆ. ಫೋನಿನಲ್ಲಿ ಬರುತ್ತದೆ ಎಂದೆ. ಬರುತ್ತದೆ ಎಂದು ಒಪ್ಪಿಕೊಂಡು ಚಪ್ಪಲಿ ಮೆಟ್ಟಿದ.

29
ತುರುವೇಕೆರೆ ಯಂತ್ರದ ಡಿಸ್ಕು ತೆರೆದ ಸಂಜೆ. ಅಂಗಡಿಯವನು ಏನೂ ಅಳಿಸಿಲ್ಲ. ಫೋಲ್ಡರುಗಳ ಹೆಸರು ಇಂಗ್ಲಿಷಿನಲ್ಲಿ, ಎಂಟೇ ಅಕ್ಷರಕ್ಕೆ ಕತ್ತರಿಸಿ: ಮದುವೆ, ಜಾತ್ರೆ, ಗೃಹಪ್ರವೇಶ, ಶಿವಗಣಾರಾಧನೆ, ಇತರೆ. ಮದುವೆ ಪತ್ರಿಕೆಯೇ ಮುನ್ನೂರಕ್ಕೂ ಹೆಚ್ಚು. ಎಲ್ಲದರ ಮೇಲೂ ಒಬ್ಬನೇ ಗಣಪತಿ, ಒಂದೇ ಕಳಶ, ಕಳಶದ ಮೇಲೆ ಒಂದೇ ತೆಂಗಿನಕಾಯಿ.

ಗೆಳೆಯ ಒಂದೊಂದಾಗಿ ತೆರೆದ. ಸುತ್ತಿನ ಹಳ್ಳಿಗಳ ಹೆಸರು. ಸುಖಾಗಮನ ಬಯಸುವವರ ಪಟ್ಟಿ. 2002ರ ಒಂದು ಮದುವೆ ಪತ್ರಿಕೆಯಲ್ಲಿ ಎರಡನೆಯ ಸಾಲಿನಲ್ಲಿದ್ದ ಹೆಸರು 2006ರ ಶಿವಗಣಾರಾಧನೆ ಪತ್ರಿಕೆಯಲ್ಲಿ ಮೊದಲ ಸಾಲಿನಲ್ಲಿತ್ತು. ಅಕ್ಷರದ ಅಳತೆ ಅದೇ. ಸುತ್ತಲ ಬಳ್ಳಿಯ ಅಂಚೂ ಅದೇ. ಗಣಪತಿಯ ಜಾಗದಲ್ಲಿ ಲಿಂಗ.

ಒಂಬತ್ತೂವರೆಗೆ ಮನೆಯಾಕೆ ಊಟಕ್ಕೆ ಕರೆದರು. ಹತ್ತಕ್ಕೆ ಮತ್ತೆ ಕರೆದರು. ಹತ್ತೂವರೆಗೆ ಅವರೂ ಬಂದು ಕುರ್ಚಿ ಎಳೆದುಕೊಂಡರು. ಒಂದು ಪತ್ರಿಕೆ ಹಿಂದಕ್ಕೆ ಹೋಗು ಎಂದರು. ಅದನ್ನು ಇಬ್ಬರೂ ನೋಡಿದರು.

30
ಮಾರನೆಯ ದಿನ ಮೇಜಿನ ಮೇಲೆ ಪೆಂಟಿಯಂ 3 ಇತ್ತು. ಕಾರಣ ಕೇಳಿದೆ. "ಡಾಸೂ ಓಡ್ತದೆ, ವಿಂಡೋಸೂ ಓಡ್ತದೆ. ಎರಡು ಸೀರಿಯಲ್ ಪೋರ್ಟ್ ಅವೆ." ಸೀರಿಯಲ್ ಪೋರ್ಟಿಗೆ ಅವನ ಬಳಿ ಏನೂ ಇಲ್ಲ.

31
ಪೆಂಟಿಯಂ 4 ಗುಜರಿಗೆ ಹೋಯಿತು. ಅತಿ ವೇಗದ್ದು ಮೊದಲು ಹೋಯಿತು. 486ರ ಚಿನ್ನಕ್ಕೆ ಗುಜರಿಯವನು ಎರಡು ಸಲ ದರ ಏರಿಸಿದ. ಅದು ಸಿಗಲಿಲ್ಲ. ಎಲ್ಲಿ ಎಂದು ಮನೆಯಾಕೆ ಕೇಳಲಿಲ್ಲ.

32
ಅಟ್ಟ ಹತ್ತಿ ನೋಡಿದೆ. ಕಾಯಿಗಳ ನಡುವೆ, ಗೋಣಿಚೀಲ ಹೊದ್ದು. ಬ್ಯಾಟರಿ ತೆಗೆದಿದೆ. ತೇವ ಇಲ್ಲದ ಜಾಗ ಇಡೀ ಮನೆಯಲ್ಲಿ ಅದೊಂದೇ.

33
ಏಪ್ರಿಲ್ 26ರಂದು ವಿಂಡೋಸ್ 98 ಹಚ್ಚಬಾರದು ಎಂದು ಗೆಳೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾನೆ. ಚೆರ್ನೊಬಿಲ್ ದುರಂತದ ದಿನ. 1999ರಲ್ಲಿ ಅದೇ ದಿನ ಸಿಐಎಚ್ ಎಂಬ ವೈರಸ್ ಎದ್ದು ಬಹಳ ಯಂತ್ರಗಳ ಡಿಸ್ಕನ್ನೂ ಬಯೋಸ್ ಚಿಪ್ಪನ್ನೂ ಅಳಿಸಿತ್ತು. ಈ ಯಂತ್ರಕ್ಕೆ ಇಂಟರ್ನೆಟ್ ಇಲ್ಲ, ಹೊಸ ಫ್ಲಾಪಿ ಬರುವುದಿಲ್ಲ. ಆದರೂ ಗುರುತು. ಪಕ್ಕದ ಚೌಕದಲ್ಲಿ ಗೊಬ್ಬರ ಹಾಕುವ ದಿನ.

34
ಹದಿನೈದು ದಿನ ಬಿಟ್ಟು ಹೋದೆ. ಮೇಜು ಖಾಲಿ. ಧೂಳಿನಲ್ಲಿ ನಾಲ್ಕು ಕಾಲಿನ ಗುರುತು.

ಹತ್ತಿರದ ವೇಬ್ರಿಡ್ಜಿನವನು ಬಂದಿದ್ದನಂತೆ. ಅವನ ಯಂತ್ರ ಕೂತಿದೆ. ತಕ್ಕಡಿಯಿಂದ ಬರುವುದು ಸೀರಿಯಲ್ ತಂತಿ, ತೂಕದ ತಂತ್ರಾಂಶ ವಿಂಡೋಸ್ 98ರದು, ಮುದ್ರಿಸುವುದು ಡಾಟ್ ಮ್ಯಾಟ್ರಿಕ್ಸ್. ಹೊಸ ಕಂಪ್ಯೂಟರಿನಲ್ಲಿ ಆ ತೂತೇ ಇಲ್ಲ. ನಾರಿನ ಲಾರಿಗಳು ಸಾಲು ನಿಂತಿದ್ದವು.

ಎರಡು ದಿನಕ್ಕೆ ಎಂದು ಕೊಟ್ಟದ್ದು. ಹನ್ನೊಂದನೆಯ ದಿನ.

ನೋಡಿಬಂದೆ. ಕಿಟಕಿಯ ಬಳಿ ಇಟ್ಟಿದ್ದಾರೆ. ಲಾರಿ ಹತ್ತಿದಾಗ ಪರದೆಯಲ್ಲಿ ಅಂಕಿ ಅಲ್ಲಾಡಿ ನಿಲ್ಲುತ್ತದೆ. ಡಿಸ್ಕಿನಲ್ಲಿ ಮದುವೆ ಪತ್ರಿಕೆಗಳು ಹಾಗೇ ಇವೆ. ಅಳಿಸಬಾರದು ಎಂದು ಗೆಳೆಯ ಚೀಟಿ ಅಂಟಿಸಿದ್ದಾನೆ.

35
ಖಾಲಿ ಮೇಜಿನ ಮೇಲೆ ಮನೆಯಾಕೆ ಕೊಬ್ಬರಿ ಗಿಟುಕು ಹರಡಿದ್ದರು. ಗೆಳೆಯ ಅವನ್ನು ಒಂದು ಪಕ್ಕಕ್ಕೆ ಸರಿಸಿದ. ಮೊಳದಷ್ಟು ಜಾಗ ಅಳೆದ. ಏಣಿ ಹಿಡ್ಕೊ ಎಂದ.